ಮೂರು ಸಲ ಸೋತು ನಾಲ್ಕನೇ ಸಲ ದಕ್ಕಿದ ಆಗ್ರಾ

ಆಗ್ರಾ ನೋಡಿ ಬಂದವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: "ತಾಜ್ ಮಹಲ್ ಚೆನ್ನಾಗಿದೆ, ಆ ಊರಿನ ಸಹವಾಸ ಬೇಡ." ನಾನೂ ಮೂರು ಸಲ ಇದನ್ನೇ ಹೇಳಿಕೊಂಡು ದೆಹಲಿಗೆ ವಾಪಸಾದವನು. ಹೋದ ಮಾರ್ಚಿನಲ್ಲಿ ನಾಲ್ಕನೇ ಸಲ ಹೋದೆವು. ನಾನು, ಹೆಂಡತಿ, ಹನ್ನೆರಡು ತುಂಬಿದ ಮಗಳು. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮನೆ ಸೇರಿದೆವು. ದೆಹಲಿಯೊಳಗಿನ ಓಡಾಟವೂ ಸೇರಿ ಮೂವರಿಗೆ ಆದ ಖರ್ಚು 3,700 ರೂಪಾಯಿ, ಐವತ್ತು ನೂರು ಆಚೀಚೆ ಇರಬಹುದು.

ಗುರುಗ್ರಾಮದಲ್ಲಿರುವ ನಮ್ಮ ಷಡ್ಡಕರು ಹಿಂದಿನ ರಾತ್ರಿಯೂ ಫೋನ್ ಮಾಡಿ, "ಐದು ಸಾವಿರಕ್ಕೆ ಆಗ್ರಾದಲ್ಲಿ ಕುಳಿತುಕೊಳ್ಳಲೂ ಜಾಗ ಸಿಗುವುದಿಲ್ಲ, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಈ ಸಾಹಸ ಏಕೆ?" ಎಂದಿದ್ದರು. ಅವರು ಟ್ಯಾಕ್ಸಿ, ಹೋಟೆಲ್, ಗೈಡ್ ಎಂದು 17 ಸಾವಿರ ಸುರಿದು, ಬೇಸರ ಹೊತ್ತು ಬಂದವರು. ಅವರ ಮಾತನ್ನು ಸುಳ್ಳು ಮಾಡಬೇಕೆಂಬ ಹಟ ನನಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಸೋತ ಕತೆ. ಮೊದಲ ಸಲ ಹೋದದ್ದು ಶುಕ್ರವಾರ. ಸಾಲಾಗಿ ಮೂರು ರಜೆ ಸಿಕ್ಕ ಖುಷಿಯಲ್ಲಿ ಶುಕ್ರವಾರ ತಾಜ್ ಮಹಲ್ ಮುಚ್ಚಿರುತ್ತದೆ ಎಂಬುದನ್ನು ಯಾರೂ ನೆನಪಿಸಲಿಲ್ಲ, ನಾನೂ ನೋಡಲಿಲ್ಲ. ಎರಡನೆಯದು ಜನವರಿ. ಹತ್ತಕ್ಕೆ ಮುಟ್ಟಬೇಕಾದ ರೈಲು ಮಂಜಿನಲ್ಲಿ ತೆವಳಿ ಮೂರು ದಾಟಿದ ಮೇಲೆ ಮುಟ್ಟಿತು. ಬಿಳಿ ಮಂಜಿನಲ್ಲಿ ಬಿಳಿ ಗುಮ್ಮಟ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬೇಕಾಯಿತು. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಆ ಕಡೆ ತಲೆ ಹಾಕಬೇಡಿ.

ಮೂರನೆಯದು ಅತಿ ದುಬಾರಿಯಾಯಿತು. ಇಡೀ ದಿನಕ್ಕೆ 800 ರೂಪಾಯಿ ಎಂದು ಆಟೊ ಹಿಡಿದೆ. ಆತ ನಮ್ಮನ್ನು ಅಂಗಡಿಯಿಂದ ಅಂಗಡಿಗೆ ಇಳಿಸುತ್ತ ಹೋದ. ಒಂದು ಕಡೆ ಅಮೃತಶಿಲೆಯದೆಂದು ಹೇಳಿದ ಕೆತ್ತನೆಯ ಡಬ್ಬಿಗೆ 2,500 ಕೊಟ್ಟೆ. ಮನೆಗೆ ಬಂದು ತಳದಲ್ಲಿ ನಾಣ್ಯದ ಅಂಚು ಎಳೆದರೆ ಬಿಳಿ ಪುಡಿ ಉದುರಿತು, ಬಳಪದ ಕಲ್ಲು. ನಾನು ಹಳೇಬೀಡಿನ ಪಕ್ಕದ ಊರಿನವನು, ಆ ಕಲ್ಲನ್ನು ನೋಡುತ್ತಲೇ ಬೆಳೆದವನು. ಹೊಯ್ಸಳರ ಶಿಲ್ಪಿಗಳು ಆಭರಣದ ಒಂದೊಂದು ಮಣಿಯನ್ನೂ ಬಿಡಿಸಿದ ಕಲ್ಲಿಗೆ ಹಾಲಿನ ಹೊಳಪು ಬಳಿದು ಬೇರೆ ಹೆಸರಿನಲ್ಲಿ ಮಾರಿದ್ದರು. ಹಣ ಹೋದುದಕ್ಕಿಂತ ಆ ಸಂಕಟ ದೊಡ್ಡದು. ಇಷ್ಟು ಸಾಲದೆಂಬಂತೆ, ವಾಪಸು ಬರುವ ಜನರಲ್ ಟಿಕೆಟ್ಟನ್ನು ಬೆಳಿಗ್ಗೆ ಇಳಿದ ಕೂಡಲೇ ತೆಗೆದಿಟ್ಟುಕೊಂಡಿದ್ದೆ. ಇನ್ನೂರು ಕಿಲೋಮೀಟರಿನೊಳಗಿನ ಪ್ರಯಾಣವಾದರೆ ಟಿಕೆಟ್ ಕೊಂಡ ಮೂರು ಗಂಟೆಯೊಳಗೆ, ಅಥವಾ ಆ ಕಡೆಗಿನ ಮೊದಲ ರೈಲಿಗೆ ಹತ್ತಬೇಕು. ಸಂಜೆ ಏಳಕ್ಕೆ ಹತ್ತಿದವರನ್ನು ಟಿಕೆಟ್ ಇಲ್ಲದವರೆಂದೇ ಲೆಕ್ಕ ಹಾಕಿದರು. ತಲೆಗೆ 250 ದಂಡ, ಮೇಲೆ ಟಿಕೆಟ್ ದರ. ಮೂವರಿಗೂ ಸೇರಿ ಸಾವಿರ ದಾಟಿತು.

ಆ ರಾತ್ರಿ ಮೂರೂ ಸಲದ ಖರ್ಚನ್ನು ನೆನಪಿದ್ದಷ್ಟು ಬರೆದು ನೋಡಿದೆ. ರೈಲಿಗೆ ಹೋದದ್ದು ಅಲ್ಪ, ತಾಜ್ ಮಹಲಿನ ಟಿಕೆಟ್ಟಿಗೆ ಇನ್ನೂ ಅಲ್ಪ. ಹಣವೆಲ್ಲ ಸೋರಿದ್ದು ಕಂಟೋನ್ಮೆಂಟ್ ನಿಲ್ದಾಣಕ್ಕೂ ತಾಜ್ ಬಾಗಿಲಿಗೂ ನಡುವಿನ ಆರು ಕಿಲೋಮೀಟರಿನಲ್ಲಿ. ಊರಿನ ಮೇಲೆ ಬೇಸರ ಹುಟ್ಟುವುದೂ ಅದೇ ಆರು ಕಿಲೋಮೀಟರಿನಲ್ಲಿ. ಅಷ್ಟು ದೂರವನ್ನು ಯಾರ ಕೈಗೂ ಸಿಗದೆ ದಾಟಿದರೆ ಗೆದ್ದಂತೆ ಎಂದು ಅಂದೇ ನಿಶ್ಚಯಿಸಿದೆ.

ಈ ಸಲ ತಾಜ್ ಎಕ್ಸ್‌ಪ್ರೆಸ್ಸಿನ ಸೆಕೆಂಡ್ ಸಿಟ್ಟಿಂಗ್ ತೆಗೆದೆ, ತಲೆಗೆ ನೂರರ ಮೇಲೆ ಚಿಲ್ಲರೆ. ಅದೇ ದಾರಿಯ ವೇಗದ ರೈಲು ಗತಿಮಾನ್ ಗಂಟೆಗೆ 160 ಕಿಲೋಮೀಟರ್ ಓಡುತ್ತದೆ, ನಿಜ. ಆದರೆ ಸುಮಾರು ಒಂದು ಗಂಟೆ ಉಳಿಸುವುದಕ್ಕೆ ಆರೇಳು ಪಟ್ಟು ಕೊಡುವ ಅಗತ್ಯ ನಮಗೆ ಕಾಣಲಿಲ್ಲ. ಜನರಲ್ ಬಿಟ್ಟು ರಿಸರ್ವೇಶನ್ನಿಗೆ ಹೋದದ್ದು ಸೀಟಿನ ಆಸೆಗಲ್ಲ, ಪಿಎನ್‌ಆರ್ ಸಂಖ್ಯೆಗೆ. ಖಚಿತವಾದ ಪಿಎನ್‌ಆರ್ ಇದ್ದರೆ ನಿಲ್ದಾಣದಲ್ಲೇ ತಂಗುವ ಕೋಣೆಯನ್ನು, ಅಂದರೆ ರಿಟೈರಿಂಗ್ ರೂಮನ್ನು, ಮೊಬೈಲಿನಲ್ಲೇ ಹಿಡಿಯಬಹುದು. ಇಬ್ಬರ ಕೋಣೆ ಸುಮಾರು 700 ಆಯಿತು, ಮಗಳು ನಮ್ಮ ನಡುವೆ ಮಲಗಿದಳು. ಹೊದಿಕೆ ಮನೆಯದೇ ಇರಲಿ. ಕೋಣೆ ಸದಾ ತುಂಬಿದೆ ಎಂದೇ ತೋರಿಸುತ್ತದೆ. ಖಾಲಿ ಬೀಳುವ ಹೊತ್ತೊಂದಿದೆ. ಮೂರು ವಾರ ಗಮನಿಸಿ ಕಂಡುಕೊಂಡೆ. ಅದನ್ನು ಇಲ್ಲಿ ಬರೆಯಲಾರೆ. ಇರುವುದೇ ಬೆರಳೆಣಿಕೆಯ ಕೋಣೆಗಳು, ಮುಂದಿನ ಸಲ ನಮಗೂ ಬೇಕು.

ಇಳಿದಾಗ ಹತ್ತೂವರೆ. ಪ್ಲಾಟ್‌ಫಾರ್ಮಿನಲ್ಲೇ ನಾಲ್ಕೈದು ಮಂದಿ ಮುತ್ತಿಕೊಂಡರು. ನಾವು ಯಾರಿಗೂ ಉತ್ತರ ಕೊಡದೆ ನೇರ ಕೋಣೆಗೆ ಹೋಗಿ, ಸ್ನಾನ ಮಾಡಿ, ಮನೆಯ ಪುಳಿಯೋಗರೆ ತಿಂದು, ಹನ್ನೆರಡಕ್ಕೆ ಹೊರಬಿದ್ದೆವು. ಅಷ್ಟು ಹೊತ್ತಿಗೆ ರೈಲಿನ ಜನವೂ ಇಲ್ಲ, ಮುತ್ತುವವರೂ ಇಲ್ಲ. ಹೊರಗಿನ ರಸ್ತೆಯವರೆಗೆ ನಡೆದು ಕೋಟೆಯ ಹತ್ತಿರದ ಬಿಜ್ಲಿಘರ್ ಕಡೆಗೆ ಹೋಗುವ ಶೇರ್ ಆಟೊ ಹತ್ತಿದೆವು, ತಲೆಗೆ 20 ರೂಪಾಯಿ.

ಶನಿವಾರ ತಾಜ್ ಮಹಲಿಗೆ ಹೋಗಲೇ ಇಲ್ಲ. ಷಡ್ಡಕರು ನಂಬದೆ ಹೋದದ್ದು ಇದನ್ನೇ. ಮಧ್ಯಾಹ್ನದ ಬಿಸಿಲಿನಲ್ಲಿ, ಶನಿವಾರದ ನೂಕುನುಗ್ಗಲಿನಲ್ಲಿ ಹೋದವರು ಕಾಣುವುದು ಜನರ ಬೆನ್ನನ್ನು. ನಾವು ಯಮುನೆಯ ಆಚೆ ದಡಕ್ಕೆ ಹೋದೆವು.

ಅಲ್ಲೊಂದು ಪ್ರಯೋಗ ಮಾಡಿದೆ. ಆಗ್ರಾ ಫೋರ್ಟ್ ನಿಲ್ದಾಣದಿಂದ ಯಮುನಾ ಬ್ರಿಜ್ ನಿಲ್ದಾಣಕ್ಕೆ ಹೊಳೆ ದಾಟುವ ಪ್ಯಾಸೆಂಜರ್ ರೈಲಿನಲ್ಲಿ ಹೋದರೆ ಹತ್ತೇ ರೂಪಾಯಿ, ಸೇತುವೆಯ ಮೇಲೆ ಬಲಗಡೆಗೆ ತಾಜ್ ಕಾಣುತ್ತದೆ. ಕಂಡಿತು, ಕಬ್ಬಿಣದ ತೊಲೆಗಳ ನಡುವೆ ತುಂಡು ತುಂಡಾಗಿ, ಒಂದು ನಿಮಿಷ. ಅದಕ್ಕಾಗಿ ಕಾದದ್ದು ಒಂದೂಕಾಲು ಗಂಟೆ. ಮಗಳಿಗೆ ಇಷ್ಟವಾಯಿತು, ಹೆಂಡತಿಗೆ ಆಗಲಿಲ್ಲ. ಹೊತ್ತು ಕಡಿಮೆಯಿದ್ದವರು ಇ-ರಿಕ್ಷಾದಲ್ಲೇ ಸೇತುವೆ ದಾಟುವುದು ಒಳ್ಳೆಯದು.

ಇತ್ಮಾದ್-ಉದ್-ದೌಲಾ ಸಮಾಧಿಗೆ ಹೆಚ್ಚು ಜನ ಹೋಗುವುದಿಲ್ಲ. ನೂರ್ ಜಹಾನ್ ತನ್ನ ತಂದೆಗಾಗಿ 1622ರಿಂದ 1628ರ ನಡುವೆ ಕಟ್ಟಿಸಿದ್ದು, ತಾಜ್ ಮಹಲಿಗಿಂತ ಮೊದಲಿನದು. ಟಿಕೆಟ್ ಮೂವತ್ತರ ಆಸುಪಾಸು, ಹದಿನೈದು ತುಂಬದ ಮಕ್ಕಳಿಗೆ ಇಲ್ಲ. ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿದ ಹೂಜಿ, ಹೂದಾನಿ, ಸೈಪ್ರೆಸ್ ಮರಗಳು ಗೋಡೆಯ ತುಂಬ ಇವೆ. ಮಗಳು ಮೂಗು ತಾಗುವಷ್ಟು ಹತ್ತಿರ ನಿಂತು ಎರಡು ಕಲ್ಲು ಕೂಡುವ ಸಂದನ್ನು ಹುಡುಕಿದಳು. ಕಾಲು ಗಂಟೆ ಹುಡುಕಿದರೂ ಸಿಗಲಿಲ್ಲ. ಕಾವಲುಗಾರ ಒಬ್ಬ ಅವಳ ಹಟ ನೋಡಿ ಟಾರ್ಚ್ ತಂದು ಒಂದು ಕೆಂಪು ದಳದ ಮೇಲೆ ಬೆಳಕು ಬಿಟ್ಟ. ಅದುವರೆಗೆ ಇಟ್ಟಿಗೆಯ ಬಣ್ಣದಲ್ಲಿದ್ದ ದಳ ಕೆಂಡದಂತೆ ಒಳಗಿನಿಂದ ಹೊತ್ತಿಕೊಂಡಿತು. ಸುತ್ತಲಿನ ಬಿಳಿ ಕಲ್ಲಿನೊಳಗೂ ಬೆಳಕು ಒಂದಿಷ್ಟು ಇಳಿದು ಮಂಕಾಗಿ ಹರಡಿತು. ನನ್ನ ಡಬ್ಬಿಯ ಮೇಲೆ ಯಾವ ಟಾರ್ಚ್ ಹಿಡಿದರೂ ಹೀಗಾಗಿರಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಾದದ್ದು ಅದೇ ದಳ.

ಅಲ್ಲಿಂದ ಅದೇ ದಡದಲ್ಲಿ ಮೆಹ್ತಾಬ್ ಬಾಗ್, ತಾಜ್ ಮಹಲಿನ ಬೆನ್ನಿಗೆ ಎದುರಾಗಿ. ಹೊಳೆಯ ನೀರು ಚೆನ್ನಾಗಿಲ್ಲ, ವಾಸನೆಯೂ ಇತ್ತು. ಆದರೆ ಸಂಜೆಯ ಬಿಸಿಲು ಗುಮ್ಮಟದ ಪಶ್ಚಿಮದ ಕೆನ್ನೆಗೆ ಬಿದ್ದು ಜೇನಿನ ಬಣ್ಣಕ್ಕೆ ತಿರುಗುವಾಗ ನಮ್ಮ ಸುತ್ತ ಇದ್ದವರು ನಲವತ್ತು ಐವತ್ತು ಜನ. ಸೂರ್ಯ ಮುಳುಗುವ ಹೊತ್ತಿಗೆ ಸೀಟಿ ಊದಿ ಹೊರಗೆ ಕಳುಹಿಸುತ್ತಾರೆ, ಆದ್ದರಿಂದ ನಾಲ್ಕೂವರೆಗೆಲ್ಲ ಒಳಗಿರಿ. ಹೊರಗೆ ಬಂದಾಗ ರಿಕ್ಷಾದವರು ನಿಲ್ದಾಣಕ್ಕೆ 400 ಕೇಳಿದರು. ಅರ್ಧ ಕಿಲೋಮೀಟರ್ ಮುಂದಕ್ಕೆ ನಡೆದೆವು, 180 ಆಯಿತು.

ಭಾನುವಾರ ಐದೂಕಾಲಕ್ಕೆ ಎದ್ದು ಹೊರಟೆವು. ಹಿಂದಿನ ಸಂಜೆಯೇ ಒಬ್ಬ ವಯಸ್ಸಾದ ಆಟೊದವರ ಹತ್ತಿರ 120ಕ್ಕೆ ಮಾತಾಡಿಟ್ಟಿದ್ದೆ. 2024ರಲ್ಲಿ ಶುರುವಾದ ಆಗ್ರಾ ಮೆಟ್ರೊ ಕೋಟೆಯ ಕಡೆಯಿಂದ ತಾಜ್ ಪೂರ್ವ ದ್ವಾರದವರೆಗೆ ಸಿಗುತ್ತದೆ, ಆದರೆ ಅಷ್ಟು ಮುಂಚೆ ಅದನ್ನು ನಂಬಿಕೊಳ್ಳುವಂತಿಲ್ಲ. ಬಾಗಿಲು ತೆರೆಯುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು. ಟಿಕೆಟ್ ಆನ್‌ಲೈನಿನಲ್ಲಿ ತೆಗೆದಿದ್ದೆ, 50 ರೂಪಾಯಿ. ಚೀಲದಲ್ಲಿ ನೀರು, ಮೊಬೈಲ್, ಕನ್ನಡಕ ಬಿಟ್ಟು ಏನೂ ಇರಲಿಲ್ಲ. ತಿಂಡಿ ಇದ್ದವರೆಲ್ಲ ತಪಾಸಣೆಯಲ್ಲಿ ಹಿಂದೆ ಬಿದ್ದರು.

ಒಳಗೆ ಹೋದವರೆಲ್ಲ ಮೊದಲ ನೋಟಕ್ಕೇ ನಿಂತು ಫೋಟೊ ತೆಗೆಯುತ್ತಾರೆ. ನಾವು ನಿಲ್ಲದೆ ಮುಂದಕ್ಕೆ ಹೋಗಿ ಪೂರ್ವದ ಕೆಂಪು ಕಲ್ಲಿನ ಕಟ್ಟಡದ ಕಮಾನಿನೊಳಗೆ ನಿಂತೆವು. ಗೋಡೆ ಮೊದಲು ಬೂದಿಯ ಬಣ್ಣ, ಆಮೇಲೆ ತಿಳಿ ನೀಲಿ, ಆಮೇಲೆ ತುದಿಯ ಕಳಶಕ್ಕೆ ಬೆಳಕು. ಇಪ್ಪತ್ತು ನಿಮಿಷ ನಾವು ಮೂವರೇ. ಕಮಾನು ಒಂದಲ್ಲ, ಹಲವು ಇವೆ. ಯಾವುದು ಎಂಬುದು ನಮ್ಮ ಬಳಿಯೇ ಇರಲಿ.

ಸಮಾಧಿಯ ಒಳಗೆ ಹೋಗಲು ಇನ್ನೂ 200 ಕೊಡಬೇಕು. ಹೆಂಡತಿ, ಮಗಳು ಹೋದರು. ನಾನು ಮೊದಲೇ ನೋಡಿದ್ದೆ, ಹೊರಗೆ ಕುಳಿತೆ. ಜಾಲಂಧ್ರದ ಕೆತ್ತನೆ ನೋಡುವಂಥದ್ದು, ಆದರೆ ನಿಲ್ಲಲು ಬಿಡುವುದಿಲ್ಲ. ಕೈ ಬಿಗಿಯಿದ್ದರೆ ಆ ಇನ್ನೂರರಲ್ಲಿ ಆಚೆ ದಡದ ಎರಡೂ ಜಾಗಗಳನ್ನು ಇಬ್ಬರು ನೋಡಿ, ಚಹಾ ಕುಡಿದು ಬರಬಹುದು.

ಎಂಟೂವರೆಗೆ ಜನ ಕಟ್ಟಿಕೊಂಡಾಗ ಹೊರಗೆ ಬಂದು ಷಾಜಹಾನ್ ಗಾರ್ಡನ್ ಒಳಗಿಂದ ಕೋಟೆಯವರೆಗೆ ನಡೆದೆವು. ಸುಮಾರು ಎರಡು ಕಿಲೋಮೀಟರ್, ಮರದ ನೆರಳು, ಹಾರ್ನ್ ಇಲ್ಲ. ಆಗ್ರಾ ಎಂದರೆ ಗಲಾಟೆ ಎನ್ನುವವರು ಈ ದಾರಿ ತುಳಿದಿಲ್ಲ. ಕೋಟೆಯನ್ನು ನಿಧಾನವಾಗಿ ನೋಡಿದೆವು. ಷಾಜಹಾನ್ 1658ರಿಂದ 1666ರಲ್ಲಿ ಸಾಯುವವರೆಗೆ ಇಲ್ಲೇ ಸೆರೆಯಲ್ಲಿದ್ದ. ಫತೇಪುರ್ ಸಿಕ್ರಿಯನ್ನು ಈ ಸಲ ಬಿಟ್ಟೆ. ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ಅರ್ಧ ದಿನ ಬೇಕು, ಎರಡನ್ನೂ ತುರುಕಿದರೆ ಎರಡೂ ಕೆಡುತ್ತವೆ.

ಉಳಿದ ಹೊತ್ತಿನಲ್ಲಿ ನೂರಿ ದರ್ವಾಜಾ ಪೇಟೆಯಲ್ಲಿ ಆಗ್ರಾದ ಹೆಸರಾಂತ ಸಿಹಿ ಪೇಠಾದ ಪರೀಕ್ಷೆ. ಮೂರು ಅಂಗಡಿಗಳಲ್ಲಿ ಕಾಲು ಕಾಲು ಕಿಲೋ ಕೊಂಡೆವು. ನಮ್ಮ ದಮ್‌ರೋಟಿಗೆ ಹಾಕುವ ಬೂದುಗುಂಬಳವೇ, ಆದರೆ ಸುಣ್ಣದ ನೀರಿನಲ್ಲಿ ನೆನೆಸುವುದರಿಂದ ಹೊರಗೆ ಗಟ್ಟಿ, ಒಳಗೆ ರಸ. ಒಣ ಪೇಠಾ ಮನೆಯಲ್ಲಿ ಹತ್ತು ದಿನ ಕೆಡಲಿಲ್ಲ. ರಸದಲ್ಲಿ ತೇಲುವ ಅಂಗೂರಿ ಪೇಠಾ ಮೂರನೇ ದಿನಕ್ಕೆ ಹುಳಿಯಾಯಿತು. ಹೆದ್ದಾರಿಯ ದೊಡ್ಡ ಫಲಕದ ಅಂಗಡಿಯಲ್ಲಿ ಷಡ್ಡಕರು ಕೊಟ್ಟ ದರದ ಅರ್ಧಕ್ಕೆ ಸಿಕ್ಕಿತು.

ಸಂಜೆ ಏಳರ ಸುಮಾರಿಗೆ ಅದೇ ತಾಜ್ ಎಕ್ಸ್‌ಪ್ರೆಸ್. ರೈಲು ಮೂರೂ ಜನಕ್ಕೆ ಹೋಗಿ ಬರಲು 660, ಕೋಣೆ 700, ಆಟೊ ರಿಕ್ಷಾ 650ರ ಹತ್ತಿರ, ಟಿಕೆಟ್ಟುಗಳು 520, ಊಟ ಚಹಾ 700, ಪೇಠಾ 300. ಉಳಿದದ್ದು ದೆಹಲಿಯ ಓಡಾಟ. ಷಡ್ಡಕರಿಗೆ ಒಣ ಪೇಠಾ ಡಬ್ಬಿಯ ಜೊತೆ ಈ ಲೆಕ್ಕವನ್ನೂ ಕೊಟ್ಟೆ. ಎರಡು ಸಲ ಓದಿದರು, ಏನೂ ಹೇಳಲಿಲ್ಲ. ಹೋದ ವಾರ ಫೋನ್ ಮಾಡಿ, ಅಕ್ಟೋಬರಿನಲ್ಲಿ ಅವರ ಅಣ್ಣನ ಮನೆಯವರು ಊರಿನಿಂದ ಬರುತ್ತಾರೆ, ಆರು ಜನಕ್ಕೆ ಟಿಕೆಟ್ ತೆಗೆದುಕೊಡಬಹುದೇ ಎಂದು ಕೇಳಿದರು. ಶನಿವಾರವೇ ಹೌದೆಂದು ಕ್ಯಾಲೆಂಡರ್ ನೋಡಿ ದಿನಾಂಕ ಗುರುತು ಹಾಕಿದ್ದೇನೆ. ರಿಸರ್ವೇಶನ್ ತೆರೆಯುವುದೊಂದೇ ಬಾಕಿ.