ಮೂರೂವರೆ ಕಿಲೋಮೀಟರಿಗೊಂದು ಹೊಸ ಸೈಕಲ್

ಮನೆಯಿಂದ ಕಚೇರಿಗೆ ಮೂರೂವರೆ ಕಿಲೋಮೀಟರ್. ಇಷ್ಟು ಹತ್ತಿರಕ್ಕೆ ಸೈಕಲ್ಲನ್ನು ಹದ ಮಾಡುವುದೇನು, ಹತ್ತಿ ತುಳಿದರಾಯಿತು ಎಂದುಕೊಂಡಿದ್ದೆ. ನಾಲ್ಕನೆಯ ದಿನ ಮೊಣಕಾಲಿನ ಮುಂಭಾಗ ನೋಯತೊಡಗಿತು.

ನಿಂತಾಗ ಎರಡೂ ಪಾದ ನೆಲಕ್ಕೆ ಊರಲಿ ಎಂದು ಸೀಟನ್ನು ನಾನೇ ತಗ್ಗಿಸಿದ್ದೆ. ಗೋಡೆಗೆ ಕೈಯೂರಿ ಕುಳಿತು, ಪೆಡಲನ್ನು ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟೆ. ಕಾಲು ನೆಟ್ಟಗಾಗಬೇಕಾದರೆ ಸೀಟು ಇನ್ನೂ ನಾಲ್ಕು ಬೆರಳು ಏರಬೇಕಿತ್ತು! ಆ ಎತ್ತರದಲ್ಲಿ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ಕೊಂಚವಷ್ಟೇ ಮಡಚಿರುತ್ತದೆ. ಒಮ್ಮೆಲೇ ಏರಿಸಲು ಧೈರ್ಯವಾಗದೆ ದಿನಕ್ಕೊಂದು ಬೆರಳಿನಂತೆ ಏರಿಸಿದೆ. ಸೀಟಿನ ಕೊಳವೆಯ ಮೇಲೆ ಒಂದು ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಎಳೆಯಬಾರದು. ವಾರದಲ್ಲಿ ನೋವು ಹೋಯಿತು. ಈಗ ಸಿಗ್ನಲ್ಲಿನಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುತ್ತೇನೆ.

ಪೆಡಲ್ ಜೋಡಿಸುವಾಗಲೇ ನನ್ನ ಜಂಬ ಇಳಿದಿತ್ತು. ಬಲಗಡೆಯದು ಸಲೀಸಾಗಿ ಕೂತಿತು. ಎಡಗಡೆಯದನ್ನೂ ಹಾಗೆಯೇ ತಿರುಗಿಸಿದೆ, ಹಿಡಿಯಲಿಲ್ಲ. ಸ್ಪ್ಯಾನರ್ ಹಾಕಿ ಒತ್ತಿದೆ, ಸೊಟ್ಟಗೆ ಕಚ್ಚಿತು. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ ಎಂದು ಹೊಳೆದದ್ದು ಆಮೇಲೆ. ಪುಣ್ಯಕ್ಕೆ ಬಿಚ್ಚಿಕೊಂಡಿತು. ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಪೆಡಲ್ ಬಿಗಿಯಾಗುತ್ತವೆ. ಇಷ್ಟು ನೆನಪಿದ್ದರೆ ಎಡಬಲದ ಗೊಂದಲವೇ ಇಲ್ಲ. ಥ್ರೆಡ್ಡಿಗೆ ಗ್ರೀಸ್ ಸವರಿ, ಮೊದಲ ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಬೇಕು.

ಹತ್ತು ದಿನಕ್ಕೆ ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಬರತೊಡಗಿತು. ಸೈಕಲ್ ಕೆಟ್ಟಿರಲಿಲ್ಲ, ಹೊಸ ಕೇಬಲ್ ಅದರ ಹೊದಿಕೆಯೊಳಗೆ ಕೂರುವಾಗ ಹೀಗೆ ಸಡಿಲವಾಗುವುದುಂಟು. ಹಿಡಿಯ ಬುಡದಲ್ಲಿರುವ ಪುಟ್ಟ ತಿರುಪನ್ನು ಎರಡು ಸುತ್ತು ಹೊರಕ್ಕೆ ತಿರುಗಿಸಿ, ಚಕ್ರ ಎತ್ತಿ ಸುತ್ತಿಸಿ, ರಬ್ಬರ್ ಉಜ್ಜುತ್ತಿಲ್ಲವೆಂದು ಕಿವಿಗೊಟ್ಟು ಖಚಿತಪಡಿಸಿಕೊಂಡೆ.

ಟೈರಿನ ಬದಿಯಲ್ಲಿ ಅಚ್ಚಾಗಿದ್ದ ಗರಿಷ್ಠ ಒತ್ತಡದವರೆಗೂ ಗಾಳಿ ತುಂಬಿಸಿದ್ದು ಇನ್ನೊಂದು ದಡ್ಡತನ. ಪ್ರತಿ ಗುಂಡಿಯೂ ಮಣಿಕಟ್ಟಿಗೆ ಲೆಕ್ಕ ಒಪ್ಪಿಸುತ್ತಿತ್ತು. ತುಸು ಇಳಿಸಿದ ಮೇಲೆ ಹಾಯೆನಿಸಿತು.

ಲೈಟು, ಗಂಟೆ, ಬೀಗ ಮೊದಲೇ ಇದ್ದವು. ಮಡ್‌ಗಾರ್ಡ್ ಶೋಕಿಗೆಂದು ಬಿಟ್ಟಿದ್ದೆ. ಮೊದಲ ಮಳೆಗೆ ಬಿಳಿ ಅಂಗಿಯ ಬೆನ್ನಿನುದ್ದಕ್ಕೂ ಕೆಸರಿನ ಪಟ್ಟೆ ಬಿತ್ತು. ಅದೇ ಸಂಜೆ ಮಡ್‌ಗಾರ್ಡ್ ಬಂತು, ಬೆನ್ನು ಬೆವರಿಸುತ್ತಿದ್ದ ಚೀಲಕ್ಕೆ ಕ್ಯಾರಿಯರೂ ಬಂತು. ಬಲಗಾಲಿನ ಪ್ಯಾಂಟಿಗೆ ಪಟ್ಟಿ ಕಟ್ಟುವುದನ್ನು ಮಾತ್ರ ಈಗಲೂ ಮರೆಯುತ್ತೇನೆ, ಚೈನಿನ ಗುರುತು ಹೊತ್ತ ಪ್ಯಾಂಟುಗಳು ಮೂರಾಗಿವೆ.