ಅಡಿಕೆ ತೋಟದ ತೇವ ಅಳೆಯುವ ಸೆನ್ಸರ್: ಬ್ಯಾಟರಿ ಬಾಳಿಸಿದ ಬಗೆ

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆದು ಮನೆಗೆ ಕಳಿಸಲು ನಾನು ಬಳಸುವುದು 3.3 ವೋಲ್ಟಿನ, 8 ಮೆಗಾಹರ್ಟ್ಸ್‌ನ ಪ್ರೋ ಮಿನಿ ಬೋರ್ಡು (ಪ್ರೋಗ್ರಾಮ್ ತುಂಬಿ ನಡೆಸುವ ಪುಟ್ಟ ಕಂಪ್ಯೂಟರ್) ಮತ್ತು ಆರ್‌ಎಫ್‌ಎಂ95 ಲೋರಾ ಮಾಡ್ಯೂಲ್ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೋ). ವೈಫೈ ಇರುವ ಇಎಸ್‌ಪಿ32 ಬೋರ್ಡು ಮೇಜಿನ ಮೇಲೆ ಪ್ರಯೋಗ ಮಾಡಲು ಅಡ್ಡಿಯಿಲ್ಲ, ತೋಟಕ್ಕೆ ಬೇಡ. ಅದರ ಚಿಪ್ ನಿದ್ದೆಯಲ್ಲಿ 10 ಮೈಕ್ರೋಆಂಪಿಯರ್ ಮಾತ್ರ ಎಳೆಯುವುದು ನಿಜವೇ. ಆದರೆ ಅಗ್ಗದ ಬೋರ್ಡಿನ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜನ್ನು ಇಳಿಸಿ ಹದದಲ್ಲಿಡುವ ಚಿಪ್) ಸುಮ್ಮನೆ ಕೂತಲ್ಲೇ 5 ಮಿಲಿಆಂಪಿಯರ್ ತಿನ್ನುತ್ತದೆ. ಬ್ಯಾಟರಿ ಖಾಲಿಯಾಗುವುದು ಅಲ್ಲಿ.

ಪ್ರೋ ಮಿನಿಯ ಪವರ್ ಎಲ್‌ಇಡಿ, ರೆಗ್ಯುಲೇಟರ್ ಎರಡನ್ನೂ ಕಿತ್ತು, 3.2 ವೋಲ್ಟ್, 1500 ಎಂಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನು ನೇರ ವಿಸಿಸಿಗೆ (ಬೋರ್ಡಿಗೆ ವಿದ್ಯುತ್ ಕೊಡುವ ಪಿನ್ನಿಗೆ) ಜೋಡಿಸುತ್ತೇನೆ. ತುಂಬ ಚಾರ್ಜ್ ಆದಾಗಲೂ ಅದು 3.6 ವೋಲ್ಟ್, ರೇಡಿಯೋ 3.7ರವರೆಗೆ ತಾಳುತ್ತದೆ. ಮಾಮೂಲಿ 4.2 ವೋಲ್ಟಿನ ಸೆಲ್ಲನ್ನು ಹೀಗೆ ಹಾಕುವಂತಿಲ್ಲ. ಬೋರ್ಡನ್ನು ನಿದ್ದೆಯಿಂದ ಎಬ್ಬಿಸುವ ಟೈಮರ್ ವಾಚ್‌ಡಾಗ್. ಅದರ ನಿದ್ದೆ ಒಮ್ಮೆಗೆ 8 ಸೆಕೆಂಡಷ್ಟೇ. 225 ಸಲ ಎಣಿಸಿದರೆ ಅರ್ಧ ಗಂಟೆ. ಬ್ರೌನ್‌ಔಟ್ ಪತ್ತೆಯನ್ನೂ (ವೋಲ್ಟೇಜ್ ಕುಸಿದರೆ ರೀಸೆಟ್ ಮಾಡುವ ಭಾಗ) ಎಡಿಸಿಯನ್ನೂ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಆಫ್ ಮಾಡಿದರೆ ನಿದ್ದೆಯ ಒಟ್ಟು ಬಳಕೆ 5–6 ಮೈಕ್ರೋಆಂಪಿಯರಿಗೆ ಇಳಿಯುತ್ತದೆ.

ಇಳಿಯದಿದ್ದರೆ ಮೊದಲು ರೇಡಿಯೋ ನೋಡಿ. ಕರೆಂಟು ಕೊಟ್ಟಾಗ ಅದು ನಿದ್ದೆಗಲ್ಲ, ಸ್ಟ್ಯಾಂಡ್‌ಬೈಗೆ ಹೋಗುತ್ತದೆ. ಅಲ್ಲಿ 1.6 ಮಿಲಿಆಂಪಿಯರ್, ಅಂದರೆ ಸೆಲ್ ನಲವತ್ತು ದಿನವೂ ಬಾರದು. ಮಲಗಿಸುವ ಆಜ್ಞೆಯನ್ನು ಪ್ರೋಗ್ರಾಮಿನಲ್ಲೇ ಬರೆಯಬೇಕು.

ಅಳೆಯುವಾಗಲೂ ಒಂದು ಪೇಚಿದೆ. ಮಲ್ಟಿಮೀಟರಿನ ಮೈಕ್ರೋಆಂಪಿಯರ್ ರೇಂಜಿನಲ್ಲಿ ಸಾಮಾನ್ಯವಾಗಿ 100 ಓಮ್‌ನ ಆಸುಪಾಸಿನ ರೆಸಿಸ್ಟರ್ ಇರುತ್ತದೆ. ಬೋರ್ಡು ಎದ್ದು ಸಂದೇಶ ಕಳಿಸಹೊರಟರೆ ವೋಲ್ಟೇಜೆಲ್ಲ ಅದರಲ್ಲೇ ಬಿದ್ದು ಬೋರ್ಡು ರೀಸೆಟ್ ಆಗುತ್ತದೆ, ನಾವು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಕೂರುತ್ತೇವೆ. ಮೀಟರಿನ ಎರಡು ತುದಿಗೂ ಅಡ್ಡಲಾಗಿ ಒಂದು ಸ್ವಿಚ್ ಜೋಡಿಸಿ ಆನ್ ಇಡಿ, ಬೋರ್ಡು ಮಲಗಿದ ಮೇಲೆ ಅದನ್ನು ಆಫ್ ಮಾಡಿ ಮೀಟರ್ ಓದಿ.

ತೇವಕ್ಕೆ ಕೆಪ್ಯಾಸಿಟಿವ್ ಸೆನ್ಸರೇ ಸೈ. ಎರಡು ಕಡ್ಡಿಯ ರೆಸಿಸ್ಟಿವ್ ಸೆನ್ಸರ್ ಹಸಿ ಮಣ್ಣಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಕೊಳ್ಳುವಾಗ ಸೆನ್ಸರಿನ ಮೇಲಿನ ಚಿಪ್ ಟಿಎಲ್‌ಸಿ555 ಹೌದೋ ನೋಡಿ. ಎನ್‌ಇ555 ಇದ್ದರೆ 4.5 ವೋಲ್ಟಿಗಿಂತ ಕೆಳಗೆ ಅದನ್ನು ನಂಬುವಂತಿಲ್ಲ. ಸೆನ್ಸರ್ ಹಲಗೆಯ ಕತ್ತರಿಸಿದ ಅಂಚಿಗೆ ಲೇಪನವಿರುವುದಿಲ್ಲ, ನೀರು ಅಲ್ಲಿಂದಲೇ ಒಳಗಿಳಿದು ಓದು ದಿಕ್ಕೆಡುತ್ತದೆ, ಎಪಾಕ್ಸಿ ಬಳಿಯಿರಿ. ಸೆನ್ಸರಿಗೆ ವಿದ್ಯುತ್ತನ್ನು ಬೋರ್ಡಿನ ಒಂದು ಪಿನ್ನಿನಿಂದ ಓದುವ ಹೊತ್ತಿಗಷ್ಟೇ ಕೊಟ್ಟರೆ ಸಾಕು.

ರೇಡಿಯೋವನ್ನು ಲೈಸೆನ್ಸ್ ಬೇಡದ 865–867 ಮೆಗಾಹರ್ಟ್ಸ್‌ನಲ್ಲಿಡಿ. ಆಂಟೆನಾಕ್ಕೆ 8.2 ಸೆಂ.ಮೀ. ತಂತಿ ಸಾಕು, ಆದರೆ ಅದಿಲ್ಲದೆ ಒಮ್ಮೆಯೂ ಕಳಿಸಬೇಡಿ. ಕಾಳುಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಕಟ್ಟಬಾರದು. ಒದ್ದೆ ಎಲೆ ಸಿಗ್ನಲ್ ನುಂಗುತ್ತದೆ.

ಬ್ರೆಡ್‌ಬೋರ್ಡು, ಜಂಪರ್ ತಂತಿ ಮಳೆಗಾಲಕ್ಕೆ ಆಗದು, ಕಾರವಾರದ ಉಪ್ಪುಗಾಳಿಗಂತೂ ಆಗುವುದೇ ಇಲ್ಲ. ಎಲ್ಲವನ್ನೂ ಬೆಸುಗೆ ಹಾಕಿ, ತಂತಿ ಒಳಹೋಗುವ ಬಿಗಿ ಮೂತಿಯನ್ನು (ಗ್ಲ್ಯಾಂಡ್) ಪೆಟ್ಟಿಗೆಯ ಕೆಳಮುಖಕ್ಕೆ ಇಡಿ. ಮರಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ದಿನ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತುವುದು ಲೇಸು. ಪ್ರತಿ ಸಂದೇಶದ ಜೊತೆ ವಿಸಿಸಿಯ ವೋಲ್ಟೇಜನ್ನೂ ಕಳಿಸಿ: ಈ ಸೆಲ್ಲಿನ ವೋಲ್ಟೇಜ್ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಇದ್ದು ಆಮೇಲೆ ದಿಢೀರ್ ಕುಸಿಯುತ್ತದೆ. 3.0 ಕಂಡ ಕೂಡಲೇ ಸೆಲ್ ಬದಲಿಸಿ.