ಹಾರ್ಸ್‌ಬರ್ಗ್ ದೀಪ ಹಿಡಿದು ಜಲಸಂಧಿಯೊಳಗೆ: ನನ್ನ ಅನುಭವ

ಹಾಂಗ್‌ಕಾಂಗ್ ಕಡೆಯಿಂದ ಸಿಂಗಾಪುರಕ್ಕೆ ಬರುವ ಹಡಗಿನವರು ಮೊದಲು ಹುಡುಕುವುದು ಹಾರ್ಸ್‌ಬರ್ಗ್ ದೀಪಸ್ತಂಭವನ್ನು. ಸಿಂಗಾಪುರ ಜಲಸಂಧಿಯ ಪೂರ್ವದ ಬಾಯಲ್ಲಿ, ಪೆಡ್ರಾ ಬ್ರಾಂಕಾ ಎಂಬ ಸಣ್ಣ ಬಂಡೆಯ ಮೇಲೆ ಅದು ನಿಂತಿದೆ. ಜಾನ್ ಟರ್ನ್‌ಬುಲ್ ಥಾಮ್ಸನ್ ಕಟ್ಟಿಸಿದ್ದು, 1851ರಲ್ಲಿ ಹೊತ್ತಿಸಿದ್ದು. ಕಲ್ಲು ಬಂದದ್ದು ಪುಲಾವ್ ಉಬಿನ್ ದ್ವೀಪದಿಂದ. ಹಗಲಲ್ಲಿ ಅದರ ಕಪ್ಪು ಬಿಳಿ ಪಟ್ಟೆ ನೋಡಿದರೆ ಯಾರಿಗಾದರೂ ಗುರುತು ಸಿಗುತ್ತದೆ. ರಾತ್ರಿಯ ಕತೆ ಬೇರೆ.

ಆಗ ನಾನು ಥರ್ಡ್ ಆಫೀಸರ್. ರಾತ್ರಿ ಎಂಟರಿಂದ ಹನ್ನೆರಡರ ವಾಚ್, ಅಂದರೆ ಕಾವಲು ಪಾಳಿ, ನನ್ನದು. ದೀಪ ಎಷ್ಟು ದೂರದಿಂದ ಕಾಣಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದೆ. ಚಾರ್ಟ್‌ನಲ್ಲಿ, ಅಂದರೆ ಸಮುದ್ರದ ನಕ್ಷೆಯಲ್ಲಿ, ದೀಪದ ಎತ್ತರ 31 ಮೀಟರ್. ಬ್ರಿಜ್ ಮೇಲೆ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತರೆ ನನ್ನ ಕಣ್ಣು ನೀರಿನಿಂದ 16 ಮೀಟರ್ ಮೇಲೆ. ಈ ಎರಡೂ ಎತ್ತರಗಳ ವರ್ಗಮೂಲ ಕೂಡಿಸಿ 2.08ರಿಂದ ಗುಣಿಸಿದರೆ ಸುಮಾರು 20 ನಾಟಿಕಲ್ ಮೈಲು.

ಇನ್ನೂ 25 ಮೈಲು ಇರುವಾಗಲೇ ಎದುರಿಗೆ ಒಂದು ಬಿಳಿ ದೀಪ ಮಿನುಗಿತು. "ಹಾರ್ಸ್‌ಬರ್ಗ್ ಕಾಣಿಸ್ತು ಸರ್" ಅಂದುಬಿಟ್ಟೆ.

ಕ್ಯಾಪ್ಟನ್ ತಲೆ ಎತ್ತಲಿಲ್ಲ. "ಎಷ್ಟು ಸೆಕೆಂಡು?"

ನಾನು ಎಣಿಸಿರಲಿಲ್ಲ. ಸ್ಟಾಪ್‌ವಾಚ್ ಹಿಡಿದೆ. ನಾಲ್ಕು. ಮತ್ತೆ ನಾಲ್ಕು. ಹಾರ್ಸ್‌ಬರ್ಗ್ ಮಿನುಗುವುದು 10 ಸೆಕೆಂಡಿಗೆ ಒಂದು ಸಲ. ನಾನು ನೋಡಿದ್ದು ಮೀನುಗಾರರ ಬಲೆ ಗುರುತಿನ ದೀಪ. "ಲೆಕ್ಕ ನೀನೇ ಹಾಕಿದ್ದೆ ಅಲ್ವಾ?" ಅಂದರು, ಅಷ್ಟೇ. ನನಗೆ ಮೈಯೆಲ್ಲ ತಣ್ಣಗಾಯಿತು. ಅದನ್ನು ನಂಬಿ ಹಡಗು ತಿರುಗಿಸಿದ್ದರೆ?

ನಿಜವಾದ ದೀಪ ಲೆಕ್ಕದ ಹೊತ್ತಿಗೇ ಬಂತು. ಮೊದಲು ಆಕಾಶದ ಅಂಚಿನಲ್ಲಿ ಮಂಕು ಹೊಳಪು, ಆಮೇಲೆ ಚುಚ್ಚುವ ಹಾಗೆ ಒಂದು ಚುಕ್ಕೆ. ಮೂರು ಸಲ ಎಣಿಸಿದೆ. ಹತ್ತು, ಹತ್ತು, ಹತ್ತು.

ಇನ್ನು ಬೇರಿಂಗ್, ಅಂದರೆ ದೀಪ ಉತ್ತರದಿಂದ ಎಷ್ಟು ಡಿಗ್ರಿ ದಿಕ್ಕಿನಲ್ಲಿದೆ ಎಂಬ ಅಳತೆ. ಬ್ರಿಜ್‌ನ ಹೊರಬದಿಯಲ್ಲಿರುವ ಗೈರೋ ರಿಪೀಟರ್ (ದಿಕ್ಸೂಚಿಯ ಅಂಕಿ ತೋರಿಸುವ ಡಯಲ್) ಮೇಲೆ ಅಜಿಮತ್ ಸರ್ಕಲ್ ಎಂಬ ಗುರಿ ನೋಡುವ ಬಳೆ ಇಟ್ಟು, ಅದರ ತೆಳು ತಂತಿಯನ್ನು ದೀಪದ ನೇರಕ್ಕೆ ತರಬೇಕು. ಬೆಳಕು ಇರುವುದು ಕ್ಷಣ ಮಾತ್ರ. ಮೊದಲ ಮಿನುಗಿಗೆ ದಿಕ್ಕು ಸಿಗುತ್ತದೆ, ಎರಡನೆಯದಕ್ಕೆ ತಂತಿ ಸರಿಸುತ್ತೇವೆ, ಮೂರನೆಯದಕ್ಕೆ ಓದುತ್ತೇವೆ. ನಡುವೆ ಹತ್ತು ಸೆಕೆಂಡು ಕತ್ತಲಲ್ಲಿ ಅಲುಗಾಡದೆ ನಿಲ್ಲಬೇಕು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ.

12 ಮೈಲು ದೂರದಲ್ಲಿ 233 ಡಿಗ್ರಿ ಇತ್ತು. 6 ಮೈಲಿಗೆ 226. ಪಶ್ಚಿಮಕ್ಕೆ ಹೋಗುವ ಹಡಗುಗಳು ಉತ್ತರದ ಲೇನ್ ಹಿಡಿಯಬೇಕು, ದೀಪ ಎಡಕ್ಕೆ ಉಳಿಯಬೇಕು. ಅಂಕಿ ಹೀಗೆ ಇಳಿಯುತ್ತಾ ಹೋದರೆ ಸರಿ. ದೂರ ಕಮ್ಮಿಯಾಗುತ್ತಿದ್ದರೂ ಅಂಕಿ ಬದಲಾಗದಿದ್ದರೆ ಹಡಗು ಬಂಡೆಯ ಮೇಲೇ ಹೋಗುತ್ತಿದೆ ಅಂತ ಅರ್ಥ. ಜಿಪಿಎಸ್ ಜೊತೆಗೂ ತಾಳೆ ನೋಡಿದೆ, ಸರಿಯಿತ್ತು. ಆದರೂ ನನಗೆ ಧೈರ್ಯ ಬಂದದ್ದು ಕಣ್ಣೆದುರೇ ಇಳಿಯುತ್ತಿದ್ದ ಆ ಅಂಕಿಯಿಂದ.

ಕೊನೆಗೆ ದೀಪ ಸರಿಯಾಗಿ ಎಡಬದಿಗೆ ಬಂತು. ಲಾಗ್‌ಬುಕ್‌ನಲ್ಲಿ ಸಮಯ ಬರೆಯುವಾಗಲೂ ಒಳಗೊಳಗೇ ಎಣಿಸುತ್ತಿದ್ದೆ.